ತಂಪು ಅನಿಲ: ಮತ್ತೊಮ್ಮೆ ಬದಲಾವಣೆಯ ಹೊಸ್ತಿಲಲ್ಲಿ

ಹೈಡ್ರೋಫ್ಲೋರೋಕಾರ್ಬನ್ ಅನಿಲಗಳ ಬಳಕೆಗೆ ಭಾರತ 2028ರಲ್ಲಿ ಮಿತಿ ಹಾಕಬೇಕು; 2032ರಿಂದ ಹಂತಹಂತವಾಗಿ ತಗ್ಗಿಸುತ್ತ 2047ರ ವೇಳೆಗೆ ಶೇ 85ರಷ್ಟು ಕಡಿತ ಮಾಡಬೇಕು. 2016ರ ಕಿಗಾಲಿ ತಿದ್ದುಪಡಿಗೆ 2021ರಲ್ಲಿ ಅಂಗೀಕಾರ ನೀಡುವ ಮೂಲಕ ನಾವು ಒಪ್ಪಿಕೊಂಡ ವೇಳಾಪಟ್ಟಿಯಿದು. ಏರ್ ಕಂಡೀಷನರ್, ಫ್ರಿಜ್, ಕಾರುಗಳಲ್ಲಿರುವ ಅನಿಲಗಳ ಜಾಗಕ್ಕೆ ಬೇರೆಯವು ಬರಲೇಬೇಕು. ಆದರೆ ಈ ಜಾಗದಲ್ಲಿ ಅದಲುಬದಲು ನಡೆಯುತ್ತಿರುವುದು ಮೊದಲ ಸಲವೇನಲ್ಲ.

1920ರ ದಶಕದ ಫ್ರಿಜ್‌ಗಳಲ್ಲಿ ಸಲ್ಫರ್ ಡೈಆಕ್ಸೈಡ್, ಮೀಥೈಲ್ ಕ್ಲೋರೈಡ್‌ನಂತಹ ವಿಷಾನಿಲಗಳಿದ್ದವು. ಸೋರಿದರೆ ಮನೆಮಂದಿಯ ಪ್ರಾಣಕ್ಕೇ ಸಂಚಕಾರ. 1930ರಲ್ಲಿ ಅಮೆರಿಕದ ಥಾಮಸ್ ಮಿಜ್ಲಿ ತಾವು ರೂಪಿಸಿದ ಹೊಸ ಅನಿಲವನ್ನು ಸಭಿಕರೆದುರು ಉಸಿರಿನೊಳಗೆ ಎಳೆದುಕೊಂಡು, ಅದನ್ನೇ ಊದಿ ಮೇಣದಬತ್ತಿ ಆರಿಸಿ ತೋರಿಸಿದರು. ವಿಷವಲ್ಲ, ಉರಿಯುವುದೂ ಇಲ್ಲ ಎಂಬುದು ಸಾಬೀತಾಯಿತು. ಕ್ಲೋರೋಫ್ಲೋರೋಕಾರ್ಬನ್ ಜಗತ್ತನ್ನು ಗೆದ್ದದ್ದು ಹೀಗೆ. ಸುಲಭವಾಗಿ ಒಡೆಯದ ಅದರ ಗುಣವೇ ಅದನ್ನು ವಾಯುಮಂಡಲದ ಮೇಲ್‌ಸ್ತರಕ್ಕೆ ಒಯ್ದು ಓಜೋನ್ ಪದರವನ್ನು ನಾಶಮಾಡುತ್ತದೆಂದು ಮೊಲಿನಾ ಮತ್ತು ರೋಲಂಡ್ ಎಚ್ಚರಿಸಿದ್ದು 1974ರಲ್ಲಿ. ಮಾಂಟ್ರಿಯಲ್ ಒಪ್ಪಂದವಾದದ್ದು 1987ರಲ್ಲಿ.

ಬದಲಿಯಾಗಿ ಬಂದ ಎಚ್‌ಎಫ್‌ಸಿ-134ಎ ಓಜೋನ್‌ಗೆ ನಿರಪಾಯಕಾರಿ. ಆದರೆ ನೂರು ವರ್ಷಗಳ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 1,400 ಪಟ್ಟು ಹೆಚ್ಚು ಭೂಮಿಯನ್ನು ಬಿಸಿಯೇರಿಸುತ್ತದೆ. ಅದಕ್ಕೂ ಬದಲಿಯಾಗಿ ಹೊಸ ಕಾರುಗಳಿಗೆ ಎಚ್‌ಎಫ್‌ಒ-1234ವೈಎಫ್ ಬಂದಿತು. ಇದು ಗಾಳಿಯಲ್ಲಿ ಕೆಲವೇ ದಿನಗಳಲ್ಲಿ ಒಡೆಯುತ್ತದೆ. ಒಡೆದು ಟ್ರೈಫ್ಲೋರೋಅಸಿಟಿಕ್ ಆಮ್ಲವಾಗಿ ಮಳೆಯೊಂದಿಗೆ ಇಳಿಯುತ್ತದೆ. ಆ ಆಮ್ಲ ನೀರಿನಲ್ಲಿ ಅಳಿಯದೆ ಉಳಿಯುತ್ತದೆ, ಸಾಮಾನ್ಯ ಶುದ್ಧೀಕರಣಕ್ಕೂ ಜಗ್ಗುವುದಿಲ್ಲ. ಜರ್ಮನಿ, ನೆದರ್ಲೆಂಡ್ಸ್ ಸೇರಿದಂತೆ ಯೂರೋಪಿನ ಐದು ರಾಷ್ಟ್ರಗಳು 2023ರಲ್ಲಿ ಮಂಡಿಸಿದ ನಿರ್ಬಂಧದ ಪ್ರಸ್ತಾವದ ವ್ಯಾಪ್ತಿಗೆ ಈ ಅನಿಲವೂ ಬರುತ್ತದೆ.

ಪ್ರತಿ ಸಲವೂ ಒಂದು ದೋಷವನ್ನಷ್ಟೇ ನೋಡಿ ಬದಲಿ ಹುಡುಕಿದ್ದರ ಫಲವಿದು. ಕಚ್ಚಾವಸ್ತುವಿನಿಂದ ಹಿಡಿದು ತಯಾರಿಕೆ, ಬಳಕೆ, ಗುಜರಿಯವರೆಗಿನ ಹೊರೆಯನ್ನೆಲ್ಲ ಒಟ್ಟಾಗಿ ತೂಗುವ ಜೀವನಚಕ್ರ ಮೌಲ್ಯಮಾಪನ ಹೊಸದೇನಲ್ಲ. ಅದಕ್ಕೆ ಅಂತಾರಾಷ್ಟ್ರೀಯ ಮಾನದಂಡ 1997ರಲ್ಲೇ ಬಂದಿದೆ. ವಸ್ತು ಮಾರುಕಟ್ಟೆಗೆ ಬಂದ ಮೇಲಲ್ಲ, ಪ್ರಯೋಗಾಲಯದಲ್ಲಿರುವಾಗಲೇ ಈ ತೂಕ ನಡೆಯಬೇಕೆಂದು 2022ರ ಡಿಸೆಂಬರ್‌ನಲ್ಲಿ ಯೂರೋಪಿಯನ್ ಆಯೋಗ ಶಿಫಾರಸು ಮಾಡಿತು. ಮೊದಲು ಅಣುವಿನ ಅಪಾಯಕಾರಿ ಗುಣ, ನಂತರ ಕಾರ್ಮಿಕರ ಮತ್ತು ಬಳಕೆದಾರರ ಸುರಕ್ಷತೆ, ಆಮೇಲೆ ಜೀವನಚಕ್ರದ ಲೆಕ್ಕ ಎಂಬುದು ಅದರ ಕ್ರಮ. ಈ ಕ್ರಮ ಸರಿಯಾದದ್ದೇ. ಏಕೆಂದರೆ ಜೀವನಚಕ್ರದ ಲೆಕ್ಕ ತನ್ನ ಪಟ್ಟಿಯಲ್ಲಿರುವುದನ್ನಷ್ಟೇ ಎಣಿಸುತ್ತದೆ. 1930ರಲ್ಲಿ ಇಂತಹ ಲೆಕ್ಕ ಹಾಕಿದ್ದರೂ ಅದರಲ್ಲಿ ಓಜೋನ್ ಎಂಬ ಕಲಮು ಇರುತ್ತಿರಲಿಲ್ಲ. ವಸ್ತುವೊಂದು ಎಷ್ಟು ಕಾಲ ಅಳಿಯದೆ ಉಳಿಯುತ್ತದೆ ಎಂಬುದಕ್ಕೆ ಇಂದಿನ ಸಾಮಾನ್ಯ ಪದ್ಧತಿಗಳಲ್ಲೂ ಪ್ರತ್ಯೇಕ ಅಂಕವಿಲ್ಲ.

ಹಾಗೆಂದು ಲೆಕ್ಕವನ್ನೇ ಕೈಬಿಡುವಂತಿಲ್ಲ. ನಮ್ಮ ದೇಶದ ವಿದ್ಯುತ್ತಿನ ಬಹುಪಾಲು ಕಲ್ಲಿದ್ದಲಿನದು. ಏರ್ ಕಂಡೀಷನರ್ ವರ್ಷಗಟ್ಟಲೆ ನುಂಗುವ ಆ ವಿದ್ಯುತ್ತಿನ ಹೊರೆ ಸಾಮಾನ್ಯವಾಗಿ ಅನಿಲದ ಹೊರೆಗಿಂತ ದೊಡ್ಡದು. ಉತ್ತಮ ಅನಿಲವನ್ನು ಕಳಪೆ ಯಂತ್ರಕ್ಕೆ ತುಂಬಿದರೆ ಲಾಭವಿಲ್ಲ. ರಿಪೇರಿಗೆ ಬಂದವರು ಹಳೆಯ ಅನಿಲವನ್ನು ಗಾಳಿಗೇ ಬಿಟ್ಟು ಹೊಸದನ್ನು ತುಂಬಿದರಂತೂ ಕಾಗದದ ಮೇಲಿನ ಉಳಿತಾಯವೆಲ್ಲ ಅಲ್ಲಿಗೇ ಮುಗಿಯಿತು.

ಇನ್ನೊಂದು ದಾರಿ ಪ್ರೊಪೇನ್. ಗೋದ್ರೆಜ್ ಸಂಸ್ಥೆ 2012ರಿಂದಲೇ ಪ್ರೊಪೇನ್ ತುಂಬಿದ ಏರ್ ಕಂಡೀಷನರ್‌ಗಳನ್ನು ಮಾರುಕಟ್ಟೆಗೆ ತಂದಿತು. ಅದರಿಂದ ಓಜೋನ್‌ಗೆ ಧಕ್ಕೆಯಿಲ್ಲ, ಬಿಸಿಯೇರಿಸುವ ಶಕ್ತಿ ಅತ್ಯಲ್ಪ, ಅಳಿಯದ ಆಮ್ಲವೂ ಹುಟ್ಟುವುದಿಲ್ಲ. ಆದರೆ ಅಡುಗೆ ಅನಿಲದಂತೆಯೇ ಉರಿಯುತ್ತದೆ. ಯಂತ್ರದೊಳಗಿರುವುದು ಕೆಲವು ನೂರು ಗ್ರಾಮ್ ಮಾತ್ರ. ಆದರೂ ತರಬೇತಿಯಿಲ್ಲದ ಮೆಕ್ಯಾನಿಕ್ ಕೈಗೆ ಅದನ್ನು ಒಪ್ಪಿಸುವಂತಿಲ್ಲ. ಅಣುವಿನ ಆಯ್ಕೆ ಕೊನೆಗೆ ತರಬೇತಿಯ ಪ್ರಶ್ನೆಯೂ ಆಗುತ್ತದೆ.

ಗ್ರಾಹಕರು ನೋಡಿ ಕೊಳ್ಳುವ ನಕ್ಷತ್ರ ಚಿಹ್ನೆ ಅಳೆಯುವುದು ವಿದ್ಯುತ್ ದಕ್ಷತೆಯನ್ನಷ್ಟೇ. ಒಳಗಿರುವ ಅನಿಲ ಯಾವುದು, ಸೋರಿದರೆ ಏನಾಗುತ್ತದೆ ಎಂಬುದು ಆ ನಕ್ಷತ್ರಗಳ ಲೆಕ್ಕಕ್ಕೆ ಬರುವುದಿಲ್ಲ. 2028ರೊಳಗೆ ಬದಲಾಗಬೇಕಾದ ಮೊದಲ ಸಂಗತಿ ಇದೇ.