ಕೆರೆಗೆ ಬಿಡುವ ಮುನ್ನ ಹೊಟ್ಟೆ ನೋಡಿ

ಮಾನ್ಯ ಮುಖ್ಯ ವನ್ಯಜೀವಿ ಪರಿಪಾಲಕರಿಗೆ, ಬೆಂಗಳೂರು



ಜನ ತಂದೊಪ್ಪಿಸಿದ, ಇಲ್ಲವೇ ಕಳ್ಳಸಾಗಣೆದಾರರಿಂದ ವಶಪಡಿಸಿಕೊಂಡ ಆಮೆಯನ್ನು ಮಹಜರಿನಲ್ಲಿ ಬರೀ ‘ಆಮೆ’ ಎಂದು ಬರೆದು ಹತ್ತಿರದ ಕೆರೆಗೆ ಬಿಟ್ಟರೆ ಕೆಲಸ ಮುಗಿದಂತೆ ಕಾಣುತ್ತದೆ. ಅನಾಹುತ ಶುರುವಾಗುವುದೇ ಅಲ್ಲಿಂದ.

ನಮ್ಮ ಕರಿ ಆಮೆಯನ್ನೂ ಅಂಗಡಿಯಲ್ಲಿ ಮರಿಯಾಗಿ ಕೊಂಡು ತರುವ ಕೆಂಪು ಕಿವಿಯ ಸ್ಲೈಡರನ್ನೂ ನೋಡಿ. ಮರಿ ಸ್ಲೈಡರ್ ಹಸಿರು. ಕಣ್ಣಿನ ಹಿಂದೆ ಕೆಂಪು ಪಟ್ಟಿ. ಅದನ್ನು ಮಕ್ಕಳೂ ಗುರುತಿಸುತ್ತಾರೆ. ಆದರೆ ವಯಸ್ಸಾದ ಗಂಡು ಕಪ್ಪಾಗುತ್ತದೆ, ಕೆಂಪು ಮಾಸುತ್ತದೆ. ಕರಿ ಆಮೆಯ ತಲೆಯ ಮೇಲೂ ಒಮ್ಮೊಮ್ಮೆ ಹಳದಿ ಜಾಲರಿ ಇರುವುದರಿಂದ ಬಣ್ಣವನ್ನು ನಂಬುವಂತಿಲ್ಲ. ಬೆನ್ನು ಸವರಿದರೆ ಕರಿ ಆಮೆಯಲ್ಲಿ ಉದ್ದಕ್ಕೆ ಮೂರು ಏಣುಗಳು ಕೈಗೆ ಸಿಗುತ್ತವೆ, ಸ್ಲೈಡರಿನಲ್ಲಿ ಸಿಗುವುದಿಲ್ಲ. ಮಗುಚಿದರೆ ಕರಿ ಆಮೆಯ ಹೊಟ್ಟೆ ಸಾಮಾನ್ಯವಾಗಿ ಕಪ್ಪು, ಅಂಚು ಮಾತ್ರ ಹಳದಿ. ಸ್ಲೈಡರಿನದು ಹಳದಿ ತಳದ ಮೇಲೆ ಕಪ್ಪು ಮಚ್ಚೆ. ಮಿಸಿಸಿಪ್ಪಿ ಕಣಿವೆಯ ಈ ಆಮೆ ಜಗತ್ತಿನ ನೂರು ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ಕಲ್ಯಾಣಿಗೆ ಬಿಟ್ಟರೆ ಭಕ್ತರು ಕೂರ್ಮಾವತಾರವೆಂದು ಅದಕ್ಕೂ ಪುರಿ ಹಾಕುತ್ತಾರೆ, ಅದು ಬೇರೆ ಮಾತು.

ಮೆತ್ತನೆ ಚಿಪ್ಪಿನವುಗಳಲ್ಲಿ ತಪ್ಪಿದರೆ ನಷ್ಟ ಇನ್ನೂ ದೊಡ್ಡದು. ಕೆರೆ, ಗದ್ದೆಗಳಲ್ಲಿ ಸಾಮಾನ್ಯವಾಗಿ ಸಿಗುವ ಆಮೆಗೆ ಹೊಟ್ಟೆಯಡಿ, ಹಿಂಗಾಲುಗಳನ್ನು ಮುಚ್ಚುವ ಎರಡು ಚರ್ಮದ ಮಡಿಕೆಗಳಿವೆ. ಲೀತ್ ಆಮೆಗೆ ಆ ಮಡಿಕೆ ಇಲ್ಲ. ಅದರ ಮರಿಯ ಬೆನ್ನ ಮೇಲೆ ಕಣ್ಣಿನಂಥ ಗುರುತುಗಳಿದ್ದು, ಬೆಳೆದಂತೆ ಅಳಿಸಿಹೋಗುತ್ತವೆ. ಲೀತ್ ಆಮೆ ಕಾವೇರಿ, ತುಂಗಭದ್ರೆಯಂಥ ದಕ್ಷಿಣದ ನದಿಗಳಿಗೆ ಸೇರಿದ್ದು, ತೀವ್ರ ಅಪಾಯದಲ್ಲಿದೆ. 2022ರಲ್ಲಿ ಪನಾಮಾದಲ್ಲಿ ನಡೆದ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ (ಸೈಟಿಸ್) ಸಭೆಯಲ್ಲಿ ಭಾರತವೇ ಕೇಳಿ ಅದನ್ನು ಮೊದಲ ಅನುಬಂಧಕ್ಕೆ ಏರಿಸಿತು. ಇಷ್ಟು ಮಾಡಿಸಿಕೊಂಡ ಮೇಲೆ ಒಂದು ಲೀತ್ ಮರಿಯನ್ನು ಸಾದಾ ಕೆರೆ ಆಮೆ ಎಂದುಕೊಂಡು ಊರ ಕೆರೆಗೆ ಎಸೆದರೆ ನದಿಗೆ ಏನು ದಕ್ಕಿತು?

ನಕ್ಷತ್ರ ಆಮೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅದು ಒಣ ಕುರುಚಲಿನ ಜೀವಿ. ಕಾಲ್ಬೆರಳ ನಡುವೆ ಜಾಲಪೊರೆ ಇಲ್ಲ. ಆಳವಾದ ನೀರಿಗೆ ಬಿಟ್ಟರೆ ಮುಳುಗಿ ಸಾಯಬಹುದು.

ನನ್ನ ಕೋರಿಕೆ ಚಿಕ್ಕದು. ಪ್ರತಿ ಆಮೆಗೂ ಬೆನ್ನು, ಹೊಟ್ಟೆ, ತಲೆಯ ಪಕ್ಕ, ಹೀಗೆ ಮೂರು ಫೋಟೊ ಮಹಜರಿಗೆ ಸೇರಲಿ. ಹೊಟ್ಟೆಯ ಫೋಟೊಗೆ ಕೆಲವು ಕ್ಷಣ ಸಾಕು, ಮಗುಚಿಯೇ ಇಡಬಾರದು. ಅನುಮಾನವಿದ್ದರೆ ಬಲ್ಲ ಸಂಶೋಧಕರಿಗೆ ಕಳಿಸಿ, ಉತ್ತರ ಬರುವವರೆಗೆ ಇಲಾಖೆಯ ಆರೈಕೆಯಲ್ಲೇ ಇರಲಿ. ಸ್ಲೈಡರ್ ಎಂದು ಖಚಿತವಾದರೆ ಯಾವ ನೀರಿಗೂ ಬಿಡದೆ ಪುನರ್ವಸತಿ ಕೇಂದ್ರಕ್ಕೆ ಹೋಗಲಿ. ಜಾತಿಯ ಹೆಸರು ಬರೆಯದೆ ‘ಬಿಡುಗಡೆಯ ಸ್ಥಳ’ ತುಂಬಕೂಡದೆಂದು ಒಂದು ಸುತ್ತೋಲೆ ಹೊರಡಿಸಿ. ಮಳೆಗಾಲದಲ್ಲಿ ಕೆರೆ ಆಮೆಗಳು ರಸ್ತೆ ದಾಟುತ್ತವೆ, ಜನ ಚೀಲದಲ್ಲಿ ಹೊತ್ತು ತರುತ್ತಾರೆ. ಅದಕ್ಕೆ ಮೊದಲೇ ಚಿತ್ರಸಹಿತ ಕನ್ನಡದ ಒಂದು ಹಾಳೆ ವಲಯ ಕಚೇರಿಗಳ ಗೋಡೆ ಸೇರಿದರೆ ಒಳ್ಳೆಯದು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಆಮೆ ಆಸಕ್ತ