ಟಿಕೆಟ್ ತೆರಿಗೆ: ಮತದಾರರನ್ನು ತಲುಪದ ಪ್ರಶ್ನೆ

ಕ್ಯಾಲಿಫೋರ್ನಿಯಾದ ಅನಾಹೈಮ್ ನಗರದಲ್ಲಿ ಡಿಸ್ನಿಲ್ಯಾಂಡ್ ಬಾಗಿಲು ತೆರೆದದ್ದು 1955ರಲ್ಲಿ. ಅದರ ಟಿಕೆಟ್ ಮೇಲೆ ನಗರಾಡಳಿತ ಮನರಂಜನಾ ತೆರಿಗೆ ವಿಧಿಸಬೇಕೇ, ಬೇಡವೇ ಎಂಬ ಪ್ರಶ್ನೆ ಅಲ್ಲಿನ ರಾಜಕಾರಣವನ್ನು ದಶಕಗಳಿಂದ ಕಾಡಿದೆ. 2022ರ ಜೂನ್‌ನಲ್ಲಿ ನಗರ ಪರಿಷತ್ತಿನ ಸದಸ್ಯ ಹೋಸೆ ಮೊರೆನೊ ಇದನ್ನು ಮತದಾರರಿಗೇ ಬಿಟ್ಟುಬಿಡುವ ಪ್ರಸ್ತಾವ ತಂದರು. ಥೀಮ್ ಪಾರ್ಕ್, ಕ್ರೀಡಾಂಗಣಗಳಂತಹ ದೊಡ್ಡ ಮನರಂಜನಾ ತಾಣಗಳ ಟಿಕೆಟ್‌ಗೆ ಶೇ. 2ರ ತೆರಿಗೆ, ನವೆಂಬರ್ ಚುನಾವಣೆಯಲ್ಲಿ ಜನರೇ ಅದಕ್ಕೆ ಹೌದು ಅಥವಾ ಇಲ್ಲ ಎನ್ನಲಿ ಎಂಬುದು ಅವರ ವಾದವಾಗಿತ್ತು.

ಪರಿಷತ್ತು ಒಪ್ಪಲಿಲ್ಲ. ಗಮನಿಸಬೇಕಾದ ಸಂಗತಿಯೆಂದರೆ, ಪರಿಷತ್ತು ತಳ್ಳಿಹಾಕಿದ್ದು ತೆರಿಗೆಯನ್ನಲ್ಲ, ಜನರ ಅಭಿಪ್ರಾಯ ಕೇಳುವ ಪ್ರಸ್ತಾವವನ್ನು.

ಕಾನೂನಿನ ಒಂದು ಮುಖ

ಕ್ಯಾಲಿಫೋರ್ನಿಯಾದಲ್ಲಿ ಸ್ಥಳೀಯ ಸಂಸ್ಥೆಗಳು ತಾವಾಗಿಯೇ ಹೊಸ ತೆರಿಗೆ ಹಾಕುವಂತಿಲ್ಲ. 1996ರಲ್ಲಿ ಜನಮತದಿಂದ ಜಾರಿಗೆ ಬಂದ 218ನೇ ಪ್ರಸ್ತಾಪದ ಪ್ರಕಾರ ಸಾಮಾನ್ಯ ತೆರಿಗೆಗೆ ಮತದಾರರ ಸರಳ ಬಹುಮತ ಬೇಕು. ನಿರ್ದಿಷ್ಟ ಉದ್ದೇಶಕ್ಕೆ ಮೀಸಲಾದ ತೆರಿಗೆಯನ್ನು ನಗರಾಡಳಿತ ತರುವುದಾದರೆ ಮೂರನೇ ಎರಡರಷ್ಟು ಮತ ಬೇಕು. ತೆರಿಗೆದಾರನ ರಕ್ಷಣೆಗೆಂದೇ ರೂಪುಗೊಂಡ ನಿಯಮವಿದು.

ಆದರೆ ತೆರಿಗೆ ಹಾಕುವುದಿಲ್ಲವೆಂದು ವಚನ ಕೊಡಲು ಮಾತ್ರ ಯಾರ ಮತವೂ ಬೇಕಿರಲಿಲ್ಲ. 1996ರಲ್ಲಿ ಅನಾಹೈಮ್ ಆಡಳಿತ ಡಿಸ್ನಿಗೆ ಇಪ್ಪತ್ತು ವರ್ಷಗಳ ವಿನಾಯಿತಿ ನೀಡಿತು. ಆ ಕಾಲದಲ್ಲೇ 51 ಕೋಟಿ ಡಾಲರ್ ಮೊತ್ತದ ಬಾಂಡ್‌ಗಳನ್ನು ಹೊರಡಿಸಿ, ಬೃಹತ್ ವಾಹನ ನಿಲುಗಡೆ ಕಟ್ಟಡವೂ ಸೇರಿದಂತೆ ಸುತ್ತಲಿನ ಸೌಕರ್ಯಗಳನ್ನು ನಿರ್ಮಿಸಿತು. ಆ ಕಟ್ಟಡವನ್ನು ವರ್ಷಕ್ಕೆ ಒಂದು ಡಾಲರ್ ಬಾಡಿಗೆಗೆ ಡಿಸ್ನಿಗೆ ವಹಿಸಲಾಯಿತು. ಒಂದು ಡಾಲರ್! ವಾಹನ ನಿಲ್ಲಿಸುವವರಿಂದ ಬರುವ ಶುಲ್ಕ ಕಂಪನಿಗೆ.

2015ರ ಜುಲೈನಲ್ಲಿ ಐವರು ಸದಸ್ಯರ ಪರಿಷತ್ತು 3–2 ಮತಗಳಿಂದ ವಿನಾಯಿತಿಯನ್ನು ಇನ್ನೂ ಮೂವತ್ತು ವರ್ಷ ವಿಸ್ತರಿಸಿತು. ಇದಕ್ಕೆ ಪ್ರತಿಯಾಗಿ ಡಿಸ್ನಿ 100 ಕೋಟಿ ಡಾಲರ್ ಹೂಡಬೇಕಿತ್ತು. ಮೇಯರ್ ಟಾಮ್ ಟೇಟ್ ವಿರೋಧಿಸಿದ ಇಬ್ಬರಲ್ಲಿ ಒಬ್ಬರು. ಒಪ್ಪಂದದಲ್ಲಿದ್ದ ಒಂದು ಷರತ್ತು ಅಚ್ಚರಿ ಹುಟ್ಟಿಸುವಂಥದು: ಮುಂದೆ ಇಂತಹ ತೆರಿಗೆ ಜಾರಿಗೆ ಬಂದರೂ ಆ ಹಣವನ್ನು ನಗರವು ಡಿಸ್ನಿಗೆ ಮರಳಿಸಬೇಕು. ಅಂದರೆ ಮತದಾರರು ಸ್ವತಃ ತೆರಿಗೆಗೆ ಒಪ್ಪಿಗೆ ಕೊಟ್ಟರೂ ಬೊಕ್ಕಸಕ್ಕೆ ಬರುವುದು ಸೊನ್ನೆ. ಮೂವರು ಸದಸ್ಯರ ಕೈಯೆತ್ತುವಿಕೆ ಮೂರು ದಶಕಗಳ ಮತದಾನದ ಹಕ್ಕನ್ನು ಹೀಗೆ ಟೊಳ್ಳು ಮಾಡಿತ್ತು.

ಆ ಒಪ್ಪಂದ ರದ್ದಾದದ್ದು 2018ರಲ್ಲಿ, ಅದೂ ಡಿಸ್ನಿಯ ಕೋರಿಕೆಯಂತೆಯೇ. ಆದ್ದರಿಂದ 2022ರಲ್ಲಿ ಪರಿಷತ್ತಿನ ಮುಂದೆ ಹಳೆಯ ಕರಾರಿನ ನೆಪ ಇರಲಿಲ್ಲ. ಮೇಲಾಗಿ ಒಂದು ತಿಂಗಳ ಹಿಂದಷ್ಟೇ, ಏಂಜಲ್ಸ್ ಕ್ರೀಡಾಂಗಣದ ಮಾರಾಟ ಕುರಿತ ಎಫ್‌ಬಿಐ ತನಿಖೆ ಬಹಿರಂಗವಾಗಿ ಮೇಯರ್ ಹ್ಯಾರಿ ಸಿಧು ರಾಜೀನಾಮೆ ನೀಡಿದ್ದರು. ಜನರ ವಿಶ್ವಾಸ ಮರಳಿ ಗಳಿಸಲು ಅದಕ್ಕಿಂತ ಒಳ್ಳೆಯ ಸಂದರ್ಭ ಪರಿಷತ್ತಿಗೆ ಸಿಗುವಂತಿರಲಿಲ್ಲ.

ಟೆಕ್ಸಸ್‌ನ ಇನ್ನೊಂದು ಚಿತ್ರ

ಹಾಗೆಂದು ಅಮೆರಿಕದ ನಗರಗಳು ಟಿಕೆಟ್ ತೆರಿಗೆಯನ್ನು ಮತಕ್ಕೆ ಹಾಕುವುದೇ ಇಲ್ಲವೆಂದಲ್ಲ. ಟೆಕ್ಸಸ್‌ನ ಆರ್ಲಿಂಗ್ಟನ್‌ನಲ್ಲಿ 2004ರ ನವೆಂಬರ್‌ನಲ್ಲಿ ಸುಮಾರು ಶೇ. 55ರಷ್ಟು ಮತದಾರರು ಡಲ್ಲಾಸ್ ಕೌಬಾಯ್ಸ್ ತಂಡದ ಹೊಸ ಕ್ರೀಡಾಂಗಣದ ಯೋಜನೆಗೆ ಸಮ್ಮತಿಸಿದರು. ಮಾರಾಟ ತೆರಿಗೆಯಲ್ಲಿ ಅರ್ಧ ಶೇಕಡಾ ಏರಿಕೆಯ ಜೊತೆಗೆ ಟಿಕೆಟ್ ಮೇಲೆ ಶೇ. 10ರವರೆಗೆ, ವಾಹನ ನಿಲುಗಡೆಗೆ 3 ಡಾಲರ್‌ವರೆಗೆ ತೆರಿಗೆಗೂ ಅನುಮತಿ ದೊರೆಯಿತು. ಆದರೆ ಆ ಟಿಕೆಟ್ ತೆರಿಗೆ ಹೋದದ್ದು ಎಲ್ಲಿಗೆ? ಕ್ರೀಡಾಂಗಣದ ವೆಚ್ಚದಲ್ಲಿ ತಂಡ ಭರಿಸಬೇಕಿದ್ದ ಪಾಲಿನ ಸಾಲಕ್ಕೆ. 2016ರಲ್ಲಿ ಟೆಕ್ಸಸ್ ರೇಂಜರ್ಸ್ ತಂಡದ ಕ್ರೀಡಾಂಗಣಕ್ಕೂ ಇದೇ ಸೂತ್ರ.

ಎರಡು ನಗರಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಚಿತ್ರ ಸ್ಪಷ್ಟ. ತೆರಿಗೆಯ ಹಣ ಮಾಲೀಕರತ್ತ ಹರಿಯುವಾಗ ಶೇ. 10 ಕೂಡ ಹೊರೆಯೆನಿಸದೆ ಮತಪತ್ರ ಸೇರುತ್ತದೆ. ಬೊಕ್ಕಸದತ್ತ ಹರಿಯುವಾಗ ನೂರು ಡಾಲರ್ ಟಿಕೆಟ್‌ಗೆ ಎರಡು ಡಾಲರ್ ಕೂಡ ದುಬಾರಿಯಾಗುತ್ತದೆ.

ವಿರೋಧಿಗಳ ವಾದದಲ್ಲಿ ಹುರುಳಿಲ್ಲವೆನ್ನಲಾಗದು. ಪ್ರವಾಸಿಗರು ಅನಾಹೈಮ್ ಹೋಟೆಲ್‌ಗಳಲ್ಲಿ ಈಗಾಗಲೇ ಶೇ. 15 ತೆರಿಗೆ ತೆರುತ್ತಾರೆ. ಹೊರಗಿನವರು ಕಟ್ಟುವ ತೆರಿಗೆಗೆ ಊರಿನವರು ಮತ ಹಾಕುವುದು ಸುಲಭವೂ ಹೌದು. 2020ರ ಮಾರ್ಚ್‌ನಿಂದ 2021ರ ಏಪ್ರಿಲ್‌ವರೆಗೆ ಕೋವಿಡ್‌ನಿಂದ ಪಾರ್ಕ್ ಮುಚ್ಚಿದ್ದಾಗ ಟಿಕೆಟ್ ತೆರಿಗೆ ಇದ್ದಿದ್ದರೂ ಬಿಡಿಗಾಸು ಬರುತ್ತಿರಲಿಲ್ಲ. ಆದರೆ ಇವೆಲ್ಲ ಮತದಾರರ ಮುಂದೆ ಮಂಡಿಸಬೇಕಾದ ವಾದಗಳು. ಮತದಾನವನ್ನೇ ತಡೆಯಲು ಕಾರಣಗಳಲ್ಲ.

ಕನ್ನಡಿಗ ಓದುಗರಿಗೆ ಇದು ದೂರದ ಕಥೆಯೆನಿಸಬಹುದು. ಜಿಎಸ್‌ಟಿಗೆ ದಾರಿ ಮಾಡಿದ 2016ರ 101ನೇ ಸಂವಿಧಾನ ತಿದ್ದುಪಡಿಯು ಮನರಂಜನಾ ತೆರಿಗೆಯ ಅಧಿಕಾರವನ್ನು ಪಂಚಾಯತಿ, ನಗರಸಭೆಗಳಂತಹ ಸ್ಥಳೀಯ ಸಂಸ್ಥೆಗಳಿಗೆ ಉಳಿಸಿದೆ. ತಮಿಳುನಾಡು 2017ರಲ್ಲೇ ಅದನ್ನು ಬಳಸಿಕೊಂಡಿತು. ಆದರೂ 2025ರ ಸೆಪ್ಟೆಂಬರ್‌ನಲ್ಲಿ ಐಪಿಎಲ್ ಟಿಕೆಟ್ ಮೇಲಿನ ತೆರಿಗೆಯನ್ನು ಶೇ. 28ರಿಂದ 40ಕ್ಕೆ ಏರಿಸಿದ್ದು ದಿಲ್ಲಿಯ ಜಿಎಸ್‌ಟಿ ಮಂಡಳಿ. ಅದೇ ತಿಂಗಳು ಸಿನಿಮಾ ಟಿಕೆಟ್‌ಗೆ 200 ರೂಪಾಯಿ ಮಿತಿ ಹಾಕಿದ್ದು ರಾಜ್ಯ ಸರ್ಕಾರ, ತಡೆ ನೀಡಿದ್ದು ಹೈಕೋರ್ಟ್. ನಗರದ ಮತದಾರ ಈ ಯಾವ ಹಂತದಲ್ಲೂ ಕಾಣಿಸಲಿಲ್ಲ.

ಅನಾಹೈಮ್ ಮತದಾರನಿಗಾದರೋ ಪರಿಷತ್ತನ್ನು ಬಳಸಿ ಹೋಗುವ ಹಾದಿಯೊಂದಿದೆ: ಸಹಿ ಸಂಗ್ರಹಿಸಿ ಪ್ರಸ್ತಾಪವನ್ನು ನೇರವಾಗಿ ಮತಪತ್ರಕ್ಕೆ ತರುವುದು. ನಗರದಿಂದ ರಿಯಾಯಿತಿ ಪಡೆಯುವ ಆತಿಥ್ಯೋದ್ಯಮಗಳು ಹೆಚ್ಚಿನ ಕನಿಷ್ಠ ವೇತನ ಕೊಡಬೇಕೆಂಬ ಪ್ರಸ್ತಾಪವನ್ನು ಕಾರ್ಮಿಕ ಸಂಘಗಳು 2018ರಲ್ಲಿ ತಂದು ಗೆಲ್ಲಿಸಿದ್ದು ಇದೇ ಹಾದಿಯಲ್ಲಿ. ತನಗೆ ರಿಯಾಯಿತಿಯೇ ಇಲ್ಲವೆಂದು ಡಿಸ್ನಿ ವಾದಿಸಿತು. ಹಳೆಯ ಬಾಂಡ್ ವ್ಯವಸ್ಥೆ ರಿಯಾಯಿತಿಯೇ ಎಂದು 2023ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. 2024ರ ಡಿಸೆಂಬರ್‌ನಲ್ಲಿ ಕಂಪನಿ ನೌಕರರಿಗೆ 23.3 ಕೋಟಿ ಡಾಲರ್ ನೀಡಲು ಒಪ್ಪಿತು.