ಗೇಮಿನ ರಣರಂಗ ನಿಜವಾದ ಊರಲ್ಲ: ಫಾರ್ವರ್ಡ್ ಮಾಡುವ ಮುನ್ನ ತಿಳಿಯಬೇಕಾದದ್ದು

ವಾಟ್ಸ್‌ಆಪ್ ಗುಂಪಿಗೆ ಒಂದು ವಿಡಿಯೊ ಬರುತ್ತದೆ. ಕತ್ತಲ ಆಕಾಶದಲ್ಲಿ ಬೆಂಕಿಯ ಗೆರೆಗಳು, ದೂರದಲ್ಲೊಂದು ಸ್ಫೋಟ, ನಡುಗುವ ಕ್ಯಾಮೆರಾ. ಕೆಳಗೆ 'ಗಡಿಯಲ್ಲಿ ಈಗಷ್ಟೇ ನಡೆದದ್ದು, ಎಲ್ಲರಿಗೂ ಕಳಿಸಿ' ಎಂಬ ಒಕ್ಕಣೆ. ಇನ್ನೊಂದು ಚಿತ್ರ ಬರುತ್ತದೆ ಎಂದುಕೊಳ್ಳಿ. ದಟ್ಟ ಕಾಡು, ಜಲಪಾತ, ಅದರ ನಡುವೆ ಗುಡ್ಡದಷ್ಟು ಎತ್ತರದ ವಿಗ್ರಹ. 'ಪಶ್ಚಿಮಘಟ್ಟದಲ್ಲಿ ಸಿಕ್ಕಿತು ಹೊಯ್ಸಳರ ಗುಪ್ತ ನಗರ' ಎಂದು ಅದರ ಕೆಳಗೆ ಬರೆದರೆ ನಂಬುವವರು ಕಡಿಮೆಯೇನಿಲ್ಲ.

ಇವೆರಡೂ ವಿಡಿಯೊ ಗೇಮಿನಿಂದ ಬಂದಿರಬಹುದು. ಗೇಮಿನಲ್ಲಿ ಕಾದಾಟ ನಡೆಯುವ ಜಾಗವನ್ನು ಹೇಗೆ ಕಟ್ಟುತ್ತಾರೆ ಎಂದು ಒಮ್ಮೆ ತಿಳಿದುಕೊಂಡರೆ ಇಂಥ ಫಾರ್ವರ್ಡ್‌ಗಳನ್ನು ನೋಡುವ ಕಣ್ಣೇ ಬದಲಾಗುತ್ತದೆ.

'ಸ್ಟೇಜ್' ಎಂದರೇನು?

ಇಬ್ಬರು ಎದುರುಬದುರು ನಿಂತು ಹೊಡೆದಾಡುವ ಗೇಮುಗಳಿಗೆ ಫೈಟಿಂಗ್ ಗೇಮ್ ಎನ್ನುತ್ತಾರೆ. ಅಲ್ಲಿ ಕಾದಾಟ ನಡೆಯುವ ಜಾಗವೇ ಸ್ಟೇಜ್. ಜಪಾನಿನ ಕ್ಯಾಪ್‌ಕಾಮ್ ಕಂಪನಿ 1991ರಲ್ಲಿ ಹೊರತಂದ 'ಸ್ಟ್ರೀಟ್ ಫೈಟರ್ 2' ಈ ಬಗೆಯನ್ನು ಜಗತ್ತಿನ ಮೂಲೆಮೂಲೆಗೆ ಮುಟ್ಟಿಸಿತು. ಅದರಲ್ಲಿ ಪ್ರತಿ ಹೋರಾಟಗಾರನಿಗೂ ಒಂದು ದೇಶ, ಆ ದೇಶದಲ್ಲಿ ಅವನದೇ ಒಂದು ಸ್ಟೇಜ್.

ಬೇರೆ ಬೇರೆ ಗೇಮು, ಕಥೆ, ಕಾಮಿಕ್ಸ್‌ಗಳ ಪಾತ್ರಗಳು ಒಂದೇ ಕಡೆ ಸೇರಿ ಹೊಡೆದಾಡಿದರೆ ಅದು ಕ್ರಾಸ್‌ಓವರ್. 1996ರ 'ಎಕ್ಸ್-ಮೆನ್ ವರ್ಸಸ್ ಸ್ಟ್ರೀಟ್ ಫೈಟರ್' ಅಂಥದ್ದು. ಈ ಬಗೆಯಲ್ಲಿ ದೊಡ್ಡ ಹೆಸರು ನಿಂಟೆಂಡೊ ಕಂಪನಿಯ 'ಸೂಪರ್ ಸ್ಮ್ಯಾಶ್ ಬ್ರದರ್ಸ್ ಅಲ್ಟಿಮೇಟ್'. 2018ರ ಡಿಸೆಂಬರ್‌ನಲ್ಲಿ ಬಂದ ಈ ಗೇಮಿನಲ್ಲಿ ಮಾರಿಯೊ, ಪಿಕಾಚು, ಸೋನಿಕ್, ಪ್ಯಾಕ್‌ಮ್ಯಾನ್, ಸ್ಟ್ರೀಟ್ ಫೈಟರ್‌ನ ರಿಯು ಎಲ್ಲರೂ ಇದ್ದಾರೆ. ಪ್ರತಿಯೊಬ್ಬರೂ ತಮ್ಮ ಲೋಕದ ಜಾಗವನ್ನೂ ಜೊತೆಗೆ ತಂದಿದ್ದಾರೆ. ಬಿಡುಗಡೆಯ ಹೊತ್ತಿಗೇ ಅದರಲ್ಲಿ 103 ಸ್ಟೇಜ್‌ಗಳಿದ್ದವು: ಕೋಟೆ, ಕಾಡು, ನ್ಯೂಯಾರ್ಕನ್ನು ಹೋಲುವ ಒಂದು ಕಲ್ಪಿತ ನಗರ, ಹೀಗೆ.

ಚಿತ್ರ ಬೇರೆ, ನೆಲ ಬೇರೆ

'ಹಿಂದಿರುವುದು ಬರೀ ಚಿತ್ರ ಅಲ್ಲವೇ' ಎಂದು ಅನಿಸಬಹುದು. ಅಲ್ಲ. ಸ್ಮ್ಯಾಶ್ ಬ್ರದರ್ಸ್‌ನಲ್ಲಿ ಎದುರಾಳಿಯನ್ನು ಸ್ಟೇಜಿನ ಆಚೆಗೆ ಎಸೆದರೆ ಗೆಲುವು. ಸ್ಟೇಜಿನ ಸುತ್ತ ಕಣ್ಣಿಗೆ ಕಾಣದ ಒಂದು ಗಡಿಗೆರೆ ಇರುತ್ತದೆ, ಅದನ್ನು ದಾಟಿದವನು ಔಟ್. ಗಡಿ ಹತ್ತಿರವಿದ್ದರೆ ಬೇಗ ಔಟ್, ದೂರವಿದ್ದರೆ ತಡವಾಗಿ. ಕೆಲವು ಸ್ಟೇಜ್‌ಗಳಲ್ಲಿ ನೆಲ ಅಲುಗಾಡುತ್ತದೆ, ಕೆಲವೆಡೆ ಏನೋ ಬಂದು ಬಡಿಯುತ್ತದೆ. ಅದಕ್ಕೇ ಪಂದ್ಯಾವಳಿಗಳಲ್ಲಿ ಎಲ್ಲ ಸ್ಟೇಜ್‌ಗಳಿಗೂ ಅವಕಾಶವಿಲ್ಲ. ಇಬ್ಬರಿಗೂ ಸಮನಾದ ಕೆಲವನ್ನಷ್ಟೇ ಆರಿಸಿಕೊಳ್ಳುತ್ತಾರೆ. ಮಣ್ಣಿನ ಅಖಾಡದ ಕುಸ್ತಿಗೂ ಮ್ಯಾಟ್ ಮೇಲಿನ ಕುಸ್ತಿಗೂ ಇರುವ ವ್ಯತ್ಯಾಸ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈ ಗೇಮಿನಲ್ಲಿ ಇನ್ನೊಂದು ಸೌಲಭ್ಯವಿದೆ. ಬಹುತೇಕ ಯಾವ ಸ್ಟೇಜನ್ನು ಬೇಕಾದರೂ 'ಒಮೆಗಾ' ರೂಪಕ್ಕೆ ಬದಲಿಸಬಹುದು. ಆಗ ಹಿಂದಿನ ಕೋಟೆಯೋ ನಗರವೋ ಹಾಗೆಯೇ ಉಳಿಯುತ್ತದೆ, ಕಾಲಡಿಯ ನೆಲ ಮಾತ್ರ ಒಂದೇ ಸಪಾಟು ಹಲಗೆಯಾಗುತ್ತದೆ. ಅಂದರೆ ಕಾಣುವ ಜಾಗ ಒಂದು, ಆಡುವ ಜಾಗ ಇನ್ನೊಂದು. ಎರಡನ್ನೂ ಬೇರೆ ಬೇರೆಯಾಗಿ ಮಾಡಿ ಜೋಡಿಸಿರುತ್ತಾರೆ.

ನಮ್ಮ ಕಡೆಯ ಬಯಲಾಟ, ಕಂಪನಿ ನಾಟಕ ನೋಡಿದವರಿಗೆ ಇದು ಹೊಸದಲ್ಲ. ಹಿಂದೆ ಅರಮನೆಯ ಪರದೆ ಇಳಿಬಿಟ್ಟರೆ ಅದು ಅರಮನೆ, ಕಾಡಿನ ಪರದೆ ಬಿಟ್ಟರೆ ಅದೇ ಹಲಗೆ ಕಾಡು. ಗೇಮಿನಲ್ಲಿ ಪರದೆಯ ಕೆಲಸವನ್ನು ಕಂಪ್ಯೂಟರ್ ಮಾಡುತ್ತದೆ. ಅನೇಕ ಗೇಮುಗಳು ಸೆಕೆಂಡಿಗೆ 60 ಚಿತ್ರ ತೋರಿಸುತ್ತವೆ. ಒಂದೊಂದು ಚಿತ್ರ ಬಿಡಿಸಲು ಸಿಗುವ ಸಮಯ ಸುಮಾರು 16.7 ಮಿಲಿಸೆಕೆಂಡ್, ಅಂದರೆ ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ. ಅಷ್ಟರಲ್ಲಿ ಎಲ್ಲವನ್ನೂ ಪೂರ್ತಿ ಬಿಡಿಸಲು ಆಗುವುದಿಲ್ಲ. ಹಾಗಾಗಿ ಆಟಗಾರನಿಗೆ ಕಾಣುವ ಮುಖವನ್ನಷ್ಟೇ ಚೆನ್ನಾಗಿ ಮಾಡುತ್ತಾರೆ, ದೂರದ ಬೆಟ್ಟ ಮೋಡಗಳನ್ನು ಬರೀ ಚಿತ್ರವಾಗಿ ಅಂಟಿಸುತ್ತಾರೆ, ಒಂದೇ ಕಲ್ಲು, ಒಂದೇ ಮರವನ್ನು ಹತ್ತಾರು ಕಡೆ ಮತ್ತೆ ಮತ್ತೆ ಬಳಸುತ್ತಾರೆ.

ಗೇಮಿನೊಳಗಿನ ನಮ್ಮ ನಾಡು

ಹೀಗೆ ಆಟಕ್ಕಾಗಿ ಕಟ್ಟಿದ ಜಾಗದಲ್ಲಿ ನಮ್ಮ ದೇಶ ಹೇಗೆ ಕಾಣುತ್ತದೆ? ಸ್ಟ್ರೀಟ್ ಫೈಟರ್ 2ರ ಭಾರತದ ಸ್ಟೇಜ್ ನೋಡಿ. ಅರಮನೆಯಂಥ ಸಭಾಂಗಣ, ಎರಡೂ ಬದಿಗೆ ಸಾಲಾಗಿ ನಿಂತ ಆನೆಗಳು. ಹೋರಾಟಗಾರ ಧಾಲ್ಸಿಮ್ ಒಬ್ಬ ಯೋಗಿ. ಕೊರಳಲ್ಲಿ ತಲೆಬುರುಡೆಗಳ ಸರ, ಕೈಕಾಲು ರಬ್ಬರಿನಂತೆ ಉದ್ದವಾಗುತ್ತವೆ, ಬಾಯಿಂದ ಬೆಂಕಿ ಬರುತ್ತದೆ. ಇದು ಭಾರತದ ಯಾವ ಊರೂ ಅಲ್ಲ. ನೋಡಿದ ಕೂಡಲೇ 'ಇಂಡಿಯಾ' ಎಂದು ಹೊಳೆಯಬೇಕು, ಅಷ್ಟೇ ಅದರ ಉದ್ದೇಶ.

ಕರ್ನಾಟಕಕ್ಕೆ ಇನ್ನೂ ಹತ್ತಿರದ್ದು 2017ರ 'ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ'. ಇದು ಕ್ರಾಸ್‌ಓವರ್ ಅಲ್ಲ, ಸಾಹಸದ ಗೇಮ್. ಆದರೆ ಇದರ ಕಾದಾಟದ ಜಾಗ ನಮ್ಮ ಪಶ್ಚಿಮಘಟ್ಟ. ಇದರ ಕಥೆಯಲ್ಲಿ ಹೊಯ್ಸಳರಿದ್ದಾರೆ, ಬೇಲೂರು ಹಳೇಬೀಡಿನ ಹೆಸರುಗಳಿವೆ, ಗಣೇಶನ ದಂತದ ಹುಡುಕಾಟವಿದೆ. ತೆರೆಯ ಮೇಲೆ ಕಾಣುವುದು ಕಾಡಿನಲ್ಲಿ ಹುದುಗಿದ ಪಾಳು ನಗರ, ಧುಮ್ಮಿಕ್ಕುವ ಜಲಪಾತ, ಮುಗಿಲೆತ್ತರದ ವಿಗ್ರಹಗಳು.

ವಾಸ್ತವ ಏನು? ಬೇಲೂರು ಕಳೆದುಹೋದ ನಗರವಲ್ಲ, ಹಾಸನ ಜಿಲ್ಲೆಯ ತಾಲ್ಲೂಕು ಕೇಂದ್ರ, ಬಸ್ಸಿನಲ್ಲಿ ಹೋಗಿ ಇಳಿಯಬಹುದು. ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವನಿಗೆ ಇಂದಿಗೂ ಪೂಜೆ ನಡೆಯುತ್ತದೆ. ಹಳೇಬೀಡು ಅಲ್ಲಿಂದ ಸುಮಾರು 16 ಕಿಲೋಮೀಟರ್. ಈ ಎರಡೂ ಕಡೆಯ ಗುಡಿಗಳು ಸೋಮನಾಥಪುರದ ಗುಡಿಯ ಜೊತೆ 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿವೆ. ಹೊಯ್ಸಳ ಶಿಲ್ಪದ ಹಿರಿಮೆ ಇರುವುದು ಎತ್ತರದಲ್ಲಿ ಅಲ್ಲ, ನವುರಿನಲ್ಲಿ. ಬಳಪದ ಕಲ್ಲಿನಲ್ಲಿ ಬೆರಳಗಲದ ಸರಕ್ಕೂ ಕುಸುರಿ ಮಾಡಿದವರು ಅವರು. ಗೇಮು ತೋರಿಸುವುದು ಅದರ ತದ್ವಿರುದ್ಧ. ಏಕೆಂದರೆ ಆಟಗಾರ ಹತ್ತಬೇಕು, ಜಿಗಿಯಬೇಕು, ಗುಂಡು ಹಾರಿಸಬೇಕು. ಬೆರಳಗಲದ ಕುಸುರಿಯ ಮೇಲೆ ಯಾರೂ ಜಿಗಿಯಲಾರರು.

ನಮ್ಮ ಪಕ್ಕದ ಉದಾಹರಣೆಯನ್ನೇ ಊಹಿಸಿಕೊಳ್ಳಿ. ಹರಪನಹಳ್ಳಿ ತಾಲ್ಲೂಕಿನ ನೀಲಗುಂದದಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಭೀಮೇಶ್ವರ ಗುಡಿ ಇದೆ. ಇದನ್ನು ಫೈಟಿಂಗ್ ಗೇಮಿನ ಸ್ಟೇಜ್ ಮಾಡಲು ಹೊರಟರೆ ಏನೇನು ಬದಲಿಸಬೇಕಾದೀತು? ಆ ಕಾಲದ ಗುಡಿಗಳ ನವರಂಗದಲ್ಲಿ ಸಾಮಾನ್ಯವಾಗಿ ಕಂಬಗಳು ಹತ್ತಿರ ಹತ್ತಿರ ಇರುತ್ತವೆ, ಬೆಳಕು ಕಡಿಮೆ. ಕಂಬ ಅಡ್ಡ ಬಂದರೆ ಆಟಗಾರ ಕಾಣುವುದಿಲ್ಲ. ಆದ್ದರಿಂದ ಕಂಬಗಳನ್ನು ಹಿಂದಕ್ಕೆ ಸರಿಸುತ್ತಾರೆ. ಸೂರನ್ನು ಎತ್ತರಿಸುತ್ತಾರೆ. ನೆಲವನ್ನು ಅಗಲ ಮಾಡುತ್ತಾರೆ. ಸುತ್ತಲಿನ ಮನೆ, ವಿದ್ಯುತ್ ತಂತಿ, ಹೊಲಗಳನ್ನು ಅಳಿಸಿ ಹಿಂದೆ ಕೆಂಪು ಸಂಜೆಯೊಂದನ್ನು ಅಂಟಿಸುತ್ತಾರೆ. ಕೊನೆಗೆ ಅದು ಸೊಗಸಾದ ಸ್ಟೇಜ್ ಆಗುತ್ತದೆ, ಆದರೆ ನೀಲಗುಂದ ಆಗಿರುವುದಿಲ್ಲ. ಆ ಚಿತ್ರವನ್ನು ನೋಡಿ ಗುಡಿಗೆ ಎಷ್ಟು ಕಂಬ, ಬಾಗಿಲು ಯಾವ ದಿಕ್ಕಿಗೆ ಎಂದು ಹೇಳಲು ಹೊರಟರೆ ತಪ್ಪುತ್ತದೆ. ಇಲ್ಲಿ ಗೇಮು ಮಾಡಿದವರು ಮೋಸ ಮಾಡಿದರು ಎಂದಲ್ಲ. ಅವರು ಕಟ್ಟಿದ್ದು ಆಟಕ್ಕೆ, ದಾಖಲೆಗೆ ಅಲ್ಲ.

ಗೇಮು ನೋಡಿ ಚರ್ಚ್ ಕಟ್ಟಿದರೇ?

ಈ ವ್ಯತ್ಯಾಸ ಮರೆತಾಗ ಹುಟ್ಟಿದ ಒಂದು ಸುದ್ದಿ ಜಗತ್ತೆಲ್ಲ ಸುತ್ತಿತು. 2019ರ ಏಪ್ರಿಲ್ 15ರಂದು ಪ್ಯಾರಿಸ್ಸಿನ ನೋಟ್ರ ಡಾಮ್ ಚರ್ಚ್‌ಗೆ ಬೆಂಕಿ ಬಿತ್ತು. 'ಅಸಾಸಿನ್ಸ್ ಕ್ರೀಡ್ ಯೂನಿಟಿ' ಎಂಬ 2014ರ ಗೇಮಿನಲ್ಲಿ ಈ ಚರ್ಚ್ ಇದೆ, ಅದನ್ನೇ ನೋಡಿಕೊಂಡು ಮತ್ತೆ ಕಟ್ಟುತ್ತಾರೆ ಎಂಬ ಮಾತು ಹಬ್ಬಿತು. ಕೇಳಲು ಚೆನ್ನಾಗಿದೆ, ನಿಜವಲ್ಲ. ಆ ಗೇಮು ನಡೆಯುವುದು ಫ್ರೆಂಚ್ ಕ್ರಾಂತಿಯ ಕಾಲದಲ್ಲಿ. ಆದರೆ ಅದರಲ್ಲಿ ತೋರಿಸಿದ ಚೂಪು ಗೋಪುರ 19ನೇ ಶತಮಾನದ ನಡುವೆ ಕಟ್ಟಿದ್ದು. ಜನರಿಗೆ ಗುರುತು ಸಿಗಲಿ ಎಂದು ಕಾಲ ತಪ್ಪಿಸಿ ಸೇರಿಸಲಾಗಿತ್ತು.

ನಿಜವಾದ ಅಳತೆ ಇದ್ದದ್ದು ಬೇರೆ ಕಡೆ. ಆಂಡ್ರ್ಯೂ ಟ್ಯಾಲನ್ ಎಂಬ ಕಲಾ ಇತಿಹಾಸಕಾರರು ಬೆಂಕಿಗೆ ವರ್ಷಗಳ ಮೊದಲೇ ಆ ಕಟ್ಟಡವನ್ನು ಲೇಸರ್‌ನಿಂದ ಅಳೆದಿದ್ದರು. ಒಳಗೂ ಹೊರಗೂ ಸೇರಿ 50ಕ್ಕೂ ಹೆಚ್ಚು ಕಡೆ ಯಂತ್ರ ಇಟ್ಟು, ನೂರು ಕೋಟಿಗೂ ಹೆಚ್ಚು ಬಿಂದುಗಳನ್ನು ದಾಖಲಿಸಿದ್ದರು. ಕಲ್ಲು ಎಲ್ಲಿ ಸ್ವಲ್ಪ ವಾಲಿದೆ ಎಂಬುದೂ ಅದರಲ್ಲಿತ್ತು. ಗೇಮಿನ ಚರ್ಚಿನಲ್ಲಿ ವಾಲಿದ ಕಲ್ಲಿಗೆ ಕೆಲಸವಿಲ್ಲ.

ಪರದೆಯ ಅಂಚು ಹರಿದುಹೋದಾಗ

ಬಯಲಾಟದ ಪರದೆಯನ್ನು ಯಾರೂ ನಿಜವಾದ ಅರಮನೆ ಎಂದು ನಂಬುವುದಿಲ್ಲ. ಕಾರಣ, ಪರದೆಯ ಅಂಚು ಕಾಣುತ್ತದೆ, ಹಗ್ಗ ಕಾಣುತ್ತದೆ, ಪಕ್ಕದಲ್ಲಿ ಕೂತವರು ಕಾಣುತ್ತಾರೆ. ಗೇಮಿಗೂ ಇಂಥ ಅಂಚು ಇದೆ. ಮೇಲೆ ಆಟಗಾರನ ಶಕ್ತಿ ತೋರಿಸುವ ಪಟ್ಟಿ, ಸಮಯ, ಗುಂಡುಗಳ ಲೆಕ್ಕ, ಮೂಲೆಯಲ್ಲೊಂದು ನಕ್ಷೆ. ಫಾರ್ವರ್ಡ್ ತಯಾರಿಸುವವರು ಮೊದಲು ಕತ್ತರಿಸುವುದು ಈ ಅಂಚನ್ನೇ.

ಸೈನಿಕ ಕಾರ್ಯಾಚರಣೆಯನ್ನು ಹೋಲುವ 'ಆರ್ಮಾ' ಸರಣಿಯ ಗೇಮುಗಳ ವಿಷಯದಲ್ಲಿ ಹೀಗೆ ಪದೇ ಪದೇ ಆಗಿದೆ. 2019ರ ಫೆಬ್ರುವರಿಯಲ್ಲಿ ಬಾಲಾಕೋಟ್ ದಾಳಿಯ ನಂತರ 'ನಮ್ಮ ವಿಮಾನಗಳ ದಾಳಿಯ ದೃಶ್ಯ' ಎಂದು ಹರಿದಾಡಿದ ಒಂದು ವಿಡಿಯೊ 'ಆರ್ಮಾ 2' ಗೇಮಿನದ್ದು ಎಂದು ಸುದ್ದಿ ಪರಿಶೀಲಕರು ತೋರಿಸಿದರು. ದಾಳಿ ನಡೆದದ್ದು ನಿಜ, ಆ ವಿಡಿಯೊ ಮಾತ್ರ ಅದರದ್ದಲ್ಲ. 2025ರ ಮೇ ತಿಂಗಳ ಭಾರತ–ಪಾಕಿಸ್ತಾನ ಸಂಘರ್ಷದಲ್ಲೂ ಗೇಮಿನ ದೃಶ್ಯಗಳು ಯುದ್ಧದ ವಿಡಿಯೊಗಳೆಂದು ಓಡಾಡಿದವು. ಅಂಥವನ್ನು ಗುರುತಿಸಿ ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್ ಎಚ್ಚರಿಕೆ ನೀಡಿತ್ತು.

ಇದರ ಪೆಟ್ಟು ಯಾರಿಗೆ? ಮಗನೋ ಗಂಡನೋ ಸೇನೆಯಲ್ಲಿರುವ ಮನೆಯೊಂದನ್ನು ನೆನೆಸಿಕೊಳ್ಳಿ. ರಾತ್ರಿ ಹನ್ನೊಂದಕ್ಕೆ 'ನಮ್ಮ ಠಾಣೆ ಧ್ವಂಸ' ಎಂಬ ವಿಡಿಯೊ ಬಂದರೆ ಆ ಮನೆಯವರಿಗೆ ಬೆಳಗಾಗುವುದು ಹೇಗೆ? ಕಳಿಸಿದವರಿಗೆ ಅದು ಒಂದು ಬೆರಳಿನ ಒತ್ತು ಮಾತ್ರ.

ಗುರುತಿಸುವುದು ಹೇಗೆ?

ಆರ್ಮಾ ಗೇಮುಗಳನ್ನು ತಯಾರಿಸುವ ಚೆಕ್ ದೇಶದ ಬೊಹೀಮಿಯಾ ಇಂಟರಾಕ್ಟಿವ್ ಕಂಪನಿಯೇ 2022ರ ನವೆಂಬರ್‌ನಲ್ಲಿ ಇಂಥ ನಕಲಿ ವಿಡಿಯೊಗಳ ಲಕ್ಷಣಗಳನ್ನು ಪಟ್ಟಿ ಮಾಡಿತು. ಅವುಗಳಲ್ಲಿ ಮುಖ್ಯವಾದವು ಇವು:

• ವಿಡಿಯೊ ತೀರಾ ಮಸುಕಾಗಿರುತ್ತದೆ. ಹತ್ತು ವರ್ಷ ಹಳೆಯ ಫೋನಿನಲ್ಲೂ ಇದಕ್ಕಿಂತ ಚೆನ್ನಾಗಿ ಬರುತ್ತಿತ್ತು ಅನಿಸುವಷ್ಟು.
• ಕ್ಯಾಮೆರಾ ವಿಪರೀತ ಅಲುಗಾಡುತ್ತದೆ. ಗೇಮಿನ ದೃಶ್ಯವನ್ನು ತೆರೆಯ ಮೇಲಿಂದ ಫೋನಿನಲ್ಲಿ ಮತ್ತೆ ಚಿತ್ರೀಕರಿಸಿರುವುದೂ ಉಂಟು.
• ಹೆಚ್ಚಾಗಿ ರಾತ್ರಿಯ ದೃಶ್ಯ. ಕತ್ತಲಲ್ಲಿ ಗೇಮಿನ ಕೊರತೆಗಳು ಕಾಣುವುದಿಲ್ಲ.
• ಶಬ್ದ ಇರುವುದಿಲ್ಲ. ಗೇಮಿನ ಸದ್ದು ಬೇಗ ಗುರುತು ಸಿಗುತ್ತದೆ.
• ಓಡಾಡುವ ಜನರು ಕಾಣುವುದಿಲ್ಲ. ಯಂತ್ರಗಳ ಚಲನೆಗಿಂತ ಮನುಷ್ಯರ ಚಲನೆಯನ್ನು ನಿಜದಂತೆ ತೋರಿಸುವುದು ಗೇಮಿಗೆ ಕಷ್ಟ.
• ಹೊಗೆ, ಧೂಳು, ಬೆಂಕಿ ಸಹಜವಾಗಿ ಹರಡುವುದಿಲ್ಲ.

ನೀವೇ ಮಾಡಬಹುದಾದ ಪರೀಕ್ಷೆ ಇನ್ನೂ ಸುಲಭ. ವಿಡಿಯೊವನ್ನು ನಿಲ್ಲಿಸಿ, ಸ್ಕ್ರೀನ್‌ಶಾಟ್ ತೆಗೆದು, ಗೂಗಲ್ ಲೆನ್ಸ್‌ನಲ್ಲಿ ಹುಡುಕಿ. ಹಳೆಯ ಯೂಟ್ಯೂಬ್ ವಿಡಿಯೊ ಸಿಕ್ಕರೆ ಅಲ್ಲಿಗೆ ಮುಗಿಯಿತು. ಗುಡಿ ಅಥವಾ ಊರಿನ ಚಿತ್ರವಾದರೆ ಅದರ ಹೆಸರನ್ನು ನಕ್ಷೆಯಲ್ಲಿ ಹುಡುಕಿ, ಜನ ಹಾಕಿರುವ ಫೋಟೊಗಳ ಜೊತೆ ಹೋಲಿಸಿ. ನಿಜವಾದ ಜಾಗಕ್ಕೆ ತಾಲ್ಲೂಕು, ದಾರಿ, ಪಕ್ಕದ ಊರು ಇದ್ದೇ ಇರುತ್ತವೆ. ವಾಟ್ಸ್‌ಆಪ್‌ನಲ್ಲಿ ಎರಡು ಬಾಣದ ಗುರುತು ಕಂಡರೆ ಆ ಸಂದೇಶ ಕನಿಷ್ಠ ಐದು ಕೈ ದಾಟಿ ಬಂದಿದೆ ಎಂದರ್ಥ. ಅದು ನಿಜ ಎನ್ನುವುದಕ್ಕೆ ಆ ಗುರುತು ಸಾಕ್ಷಿಯಲ್ಲ.

ಒಂದು ಎಚ್ಚರ ಮಾತ್ರ ಇರಲಿ. ಮೇಲಿನ ಲಕ್ಷಣಗಳಲ್ಲಿ ಒಂದೆರಡು ಕಂಡ ಮಾತ್ರಕ್ಕೆ 'ಇದು ಗೇಮು' ಎಂದು ತೀರ್ಪು ಕೊಡಬೇಡಿ. ನಿಜವಾದ ದುರಂತದ ವಿಡಿಯೊ ಕೂಡ ಮಸುಕಾಗಿ, ನಡುಗುತ್ತಾ ಇರಬಹುದು. ನೊಂದವರ ನಿಜವನ್ನು ಸುಳ್ಳು ಎನ್ನುವುದೂ ತಪ್ಪೇ. ಗೊತ್ತಾಗುವವರೆಗೆ ಮುಂದಕ್ಕೆ ಕಳಿಸದೆ ಇರುವುದು ಎರಡೂ ತಪ್ಪುಗಳಿಂದ ಉಳಿಸುತ್ತದೆ.

ಮಕ್ಕಳು ಫೈಟಿಂಗ್ ಗೇಮ್ ಆಡುವ ಮನೆಯಾದರೆ ಇನ್ನೊಂದು ದಾರಿಯಿದೆ. ಅನುಮಾನದ ವಿಡಿಯೊವನ್ನು ಅವರಿಗೇ ತೋರಿಸಿ. ಯಾವ ಗೇಮಿನ ಯಾವ ಸ್ಟೇಜ್ ಎಂದು ಅವರು ಹೆಸರು ಸಮೇತ ಹೇಳಿಬಿಡಬಹುದು. ಎಷ್ಟೋ ಸಲ ಹಿರಿಯರು ಫಾರ್ವರ್ಡ್ ಮಾಡಿದ 'ಯುದ್ಧ'ವನ್ನು ಮೊಮ್ಮಕ್ಕಳು ಆಗಲೇ ಆಡಿ ಮುಗಿಸಿರುತ್ತಾರೆ.